ಮದಲೂರು ಕೆರೆಯೊಳಗೆ ಕಟ್ಟಿದ ನೈಲ್ ದಂಡೆಯ ಮನೆ

ಸಿನಿಮಾ ಸೆಟ್ಟಿನ ಬಡಗಿ ಕೆಲಸಕ್ಕೆ ಬರುವವರಿಗೆ ಮೊದಲ ದಿನವೇ ಒಂದು ಮಾತು ಹೇಳಿಬಿಡಬೇಕು. ನೀವು ಮಾಡುವ ಬಾಗಿಲಿನ ಹಿಂದೆ ಏನೂ ಇರುವುದಿಲ್ಲ. ಪ್ಲೈವುಡ್ಡಿನ ಒಂದು ಗೋಡೆ, ಅದು ಬೀಳದ ಹಾಗೆ ಹಿಂದಿನಿಂದ ಕೊಟ್ಟ ಎರಡು ರೀಪರ್, ಆಮೇಲೆ ಬರೀ ಬಯಲು. ಅಷ್ಟಿದ್ದರೂ ಆ ಬಾಗಿಲು ತಟ್ಟುವವಳು ಒಳಗೆ ಯಾರೋ ಇದ್ದಾರೆ ಅಂತ ನಂಬಿಯೇ ತಟ್ಟಬೇಕು. ಆ ನಂಬಿಕೆ ಹುಟ್ಟಿಸುವುದು ನಮ್ಮ ಕೆಲಸ. ಇದನ್ನು ನನಗೆ ಕಲಿಸಿದವರು ಈಜಿಪ್ಟಿನ ಒಬ್ಬ ಸಿನಿಮಾ ನಿರ್ದೇಶಕರು. ಅವರ ಹೆಸರು ಲುತ್ಫಿ. ಅವರ ಜೊತೆ ಇಪ್ಪತ್ತನಾಲ್ಕು ವರ್ಷ ಕೆಲಸ ಮಾಡಿದೆ. ಇವತ್ತಿಗೂ ಅವರನ್ನು ನೆನೆದರೆ ಕೂತಲ್ಲೇ ಬೆನ್ನು ನೆಟ್ಟಗಾಗುತ್ತದೆ.

ನಾನು ಶಿರಾದವನು, ಅಬ್ದುಲ್ ಖಾದರ್. ನಮ್ಮ ಅಬ್ಬಾ ಜಾಮಿಯಾ ಮಸೀದಿಯ ಹಿಂದಿನ ಬೀದಿಯಲ್ಲಿ ಗಾಡಿ ಚಕ್ರ, ಬಾಗಿಲುವಾಡ ಮಾಡುತ್ತಿದ್ದರು. ಉಳಿ ಹಿಡಿಯುವುದನ್ನು ಕಲಿತದ್ದು ಅವರ ಹತ್ತಿರ. ಇಪ್ಪತ್ತೆರಡಕ್ಕೆ ಕೊಲ್ಲಿ ದೇಶಕ್ಕೆ ಹೋದೆ. ಅಲ್ಲಿ ಕಟ್ಟಡದ ಕಂಪನಿಯಲ್ಲಿ ಸೆಂಟ್ರಿಂಗ್ ಕೆಲಸ. ಅಲ್ಲಿ ಐದು ವರ್ಷ ಕಳೆದ ಮೇಲೆ ಈಜಿಪ್ಟಿನ ಸಿನಿಮಾದವರು ಮರುಭೂಮಿಯಲ್ಲಿ ಶೂಟಿಂಗಿಗೆ ಬಂದರು. ಅವರಿಗೆ ಬಡಗಿಗಳು ಸಾಲದೆ ನಮ್ಮ ಕಂಪನಿಯಿಂದ ನಾಲ್ಕು ಜನರನ್ನು ಕರೆದುಕೊಂಡು ಹೋದರು. ಅವರಲ್ಲಿ ನಾನೊಬ್ಬ.

ಒಂದು ಬಾಗಿಲು ಮಾಡಲು ಹೇಳಿದರು. ಅಬ್ಬಾ ನೋಡಿದ್ದರೆ ಮೆಚ್ಚುವ ಹಾಗೆ ಮಾಡಿದೆ. ಕೂದಲು ತೂರುವಷ್ಟೂ ಸಂದಿಲ್ಲ, ಬೆರಳಿನಿಂದ ತಳ್ಳಿದರೆ ಸದ್ದಿಲ್ಲದೆ ತೆರೆದುಕೊಳ್ಳುತ್ತಿತ್ತು. ಎತ್ತರದ, ತೆಳ್ಳಗಿನ, ನಮ್ಮೂರಿನವರ ಹಾಗೇ ಕಪ್ಪಗಿದ್ದ ಒಬ್ಬರು ಬಂದು ಅದನ್ನು ಮೂರು ಸಲ ತೆಗೆದು ಮುಚ್ಚಿದರು. ಅವರೇ ಲುತ್ಫಿ ಸಾಹೇಬರು. ಶಹಬ್ಬಾಸ್ ಅನ್ನುತ್ತಾರೆ ಅಂತ ಕಾದೆ.

"ಈ ಮನೆಯಲ್ಲಿ ಯಾರು ಇದ್ದಾರೆ?" ಅಂತ ಅರಬ್ಬಿಯಲ್ಲಿ ಕೇಳಿದರು.

"ಯಾರೂ ಇಲ್ಲ ಸಾರ್. ಇದು ಸೆಟ್ ಅಲ್ವಾ?"

ಅವರು ಮರಳಿನ ಮೇಲೆಯೇ ಕೂತು, ನನ್ನನ್ನೂ ಕೂರಿಸಿಕೊಂಡರು. "ಇಲ್ಲಿ ಒಬ್ಬಳು ಹೆಂಗಸು ಇದ್ದಾಳೆ. ಗಂಡ ಹಡಗು ಹತ್ತಿ ಹೋಗಿ ಇಪ್ಪತ್ತು ವರ್ಷ ಆಯಿತು. ಹೊರಗೆ ಏನೇ ಸದ್ದಾದರೂ ಓಡಿ ಬಂದು ಈ ಬಾಗಿಲು ತೆಗೆಯುತ್ತಾಳೆ. ಕೆಲವು ಸಲ ಅಡುಗೆಯ ಕೈಯಲ್ಲೇ ಬರುತ್ತಾಳೆ. ಈಗ ಹೇಳು, ಅವಳ ಕೈ ಈ ಮರದ ಮೇಲೆ ಎಲ್ಲಿ ಬೀಳುತ್ತದೆ?"

ಮಾರನೆಯ ದಿನವೆಲ್ಲ ಕೈಗೆ ಎಣ್ಣೆ ಹಚ್ಚಿಕೊಂಡು, ಮರಳು ಸೇರಿಸಿ, ಹೆಂಗಸಿನ ಭುಜದೆತ್ತರದಲ್ಲಿ ಒಂದೇ ಜಾಗವನ್ನು ಉಜ್ಜಿದೆ. ಕೆಳಗಿನ ಕೀಲು ಸಡಿಲಿಸಿ, ಬಾಗಿಲು ನೆಲಕ್ಕೆ ಸ್ವಲ್ಪ ಎಳೆಯುವ ಹಾಗೆ ಮಾಡಿದೆ. ಸಾಹೇಬರು ಬಂದು ಸವೆದ ಜಾಗದ ಮೇಲೆ ಕೈಯಿಟ್ಟರು. ಶೂಟಿಂಗ್ ಮುಗಿಸಿ ಹೊರಟಾಗ ನನ್ನನ್ನು ಕೈರೋಗೆ ಕರೆದುಕೊಂಡು ಹೋದರು.

ಅಲ್ಲಿ ಎಲ್ಲರೂ ಅವರನ್ನು ಉಸ್ತಾಜ್ ಅನ್ನುತ್ತಿದ್ದರು, ಅಂದರೆ ಗುರುಗಳು. ನನ್ನ ಹೆಸರು ಮಾತ್ರ ಕೈರೋದಲ್ಲಿ ಅರ್ಧವಾಯಿತು. ಆ ಊರಿನವರು ಮೊದಲ ಅಕ್ಷರ ನುಂಗಿ "ಆದರ್, ಆದರ್" ಅಂತ ಕೂಗುತ್ತಿದ್ದರು. ಯಾರೋ ಕನ್ನಡದಲ್ಲಿ "ಆದರೆ, ಆದರೆ" ಅಂತ ಅನುಮಾನ ಪಡುತ್ತಿರುವ ಹಾಗೆ ಕೇಳುತ್ತಿತ್ತು.

ಲುತ್ಫಿ ಸಾಹೇಬರ ಜೀವನವನ್ನು ಅವರು ನನಗೆ ಒಟ್ಟಿಗೆ ಹೇಳಿದವರಲ್ಲ. ನಾನು ಮರ ಕೊಯ್ಯುವಾಗ ಪಕ್ಕದಲ್ಲಿ ಕೂತು ಇವತ್ತೊಂದು ಚೂರು, ಮುಂದಿನ ತಿಂಗಳು ಇನ್ನೊಂದು ಚೂರು ಹೇಳುತ್ತಿದ್ದರು. ಅವರು ಹುಟ್ಟಿದ್ದು ಈಜಿಪ್ಟಿನ ದಕ್ಷಿಣದ ತುದಿಯಲ್ಲಿ, ನೂಬಿಯಾ ಅನ್ನುವ ಸೀಮೆಯ ಒಂದು ಹಳ್ಳಿಯಲ್ಲಿ, ನೈಲ್ ನದಿಯ ದಂಡೆಯ ಮೇಲೆ. ಅವರಿಗೆ ಏಳು ವರ್ಷವಾದಾಗ ದೊಡ್ಡ ಅಣೆಕಟ್ಟು ಬಂತು. ಊರಿಗೆ ಊರನ್ನೇ ದೋಣಿ ಹತ್ತಿಸಿ, ಆಮೇಲೆ ರೈಲಿನಲ್ಲಿ ಕೂರಿಸಿ, ನದಿಯೇ ಕಾಣದ ಬಯಲಿನ ಸಾಲು ಮನೆಗಳಲ್ಲಿ ಇಳಿಸಿದರು. ಹೊರಡುವ ದಿನ ಅವರ ತಾಯಿ ಮನೆಯನ್ನೆಲ್ಲ ಗುಡಿಸಿ, ಬಾಗಿಲಿಗೆ ನೀರು ಚಿಮುಕಿಸಿ, ಬೀಗ ಹಾಕಿಕೊಂಡು ಬಂದಳಂತೆ. ಮುಳುಗುವ ಮನೆಗೆ.

ತಂದೆ ಕೈರೋದಲ್ಲಿ ದೊಡ್ಡವರೊಬ್ಬರ ಮನೆಯ ಅಡುಗೆಯವರು. ಸಾಹೇಬರು ಹದಿನೇಳಕ್ಕೆ ಅಲ್ಲಿಗೆ ಬಂದು, ಒಂದು ಸ್ಟುಡಿಯೋದಲ್ಲಿ ಸಿನಿಮಾ ರೀಲುಗಳನ್ನು ಅಂಟಿಸುವ ಕೆಲಸಕ್ಕೆ ಸೇರಿಕೊಂಡರು. ಎಡಿಟರ್ ಕತ್ತರಿಸಿ ಬಿಸಾಡಿದ ತುಂಡುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತ ನಿರ್ದೇಶನ ಕಲಿತರು. "ಇಟ್ಟುಕೊಂಡದ್ದನ್ನು ಎಲ್ಲರೂ ನೋಡುತ್ತಾರೆ ಆದರ್. ಬಿಟ್ಟದ್ದನ್ನು ಯಾಕೆ ಬಿಟ್ಟರು ಅಂತ ನಾನು ಯೋಚಿಸುತ್ತಿದ್ದೆ" ಅನ್ನುತ್ತಿದ್ದರು. ಮೊದಲ ಸಿನಿಮಾವನ್ನು ನಿರ್ಮಾಪಕರು ಮನಸ್ಸಿಗೆ ಬಂದ ಹಾಗೆ ಕತ್ತರಿಸಿದರು. ಅದು ಒಂದು ವಾರ ಓಡಿತು. ಆಮೇಲೆ ಏಳು ವರ್ಷ ಯಾರೂ ಕರೆಯಲಿಲ್ಲ. ಸೋಪಿನ ಜಾಹೀರಾತು, ತುಪ್ಪದ ಜಾಹೀರಾತು ಮಾಡಿಕೊಂಡಿದ್ದರು. ಎರಡನೆಯ ಸಿನಿಮಾ ತಂದೆಯ ಹಾಗಿರುವ ಒಬ್ಬ ಅಡುಗೆಯವನ ಕಥೆ. ಅದನ್ನು ನೋಡಲು ಕೈರೋದ ಜನ ಸಂಸಾರ ಸಮೇತ ಸಾಲು ನಿಂತರಂತೆ. ಸಾಹೇಬರು ಥಿಯೇಟರಿಗೆ ಹೋದರೆ ಪರದೆ ನೋಡುತ್ತಿರಲಿಲ್ಲ. ಮುಂದಿನ ಸಾಲಿನಲ್ಲಿ ಕೂತು, ಹಿಂದಕ್ಕೆ ತಿರುಗಿ ಜನರ ಮುಖ ನೋಡುತ್ತಿದ್ದರು. ಇದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಪ್ರಶಸ್ತಿ ಗಿಶಸ್ತಿಯ ವಿಷಯ ಬೇರೆಯವರು ಬರೆದಿದ್ದಾರೆ. ನಾನು ಹೇಳಬೇಕಾದದ್ದು ಅವರು ಕೆಲಸ ಮಾಡುತ್ತಿದ್ದ ಬಗೆ. ನಾವು ಸೆಟ್ಟಿನಲ್ಲಿ ಮನೆ ಕಟ್ಟಿ ಮುಗಿಸಿದ ದಿನ ಕ್ಯಾಮೆರಾ ಬರಕೂಡದು. ಅಂದು ಎಲ್ಲರೂ, ಹೀರೋಯಿನ್ನಿಂದ ಹಿಡಿದು ಲೈಟ್ ಹೊರುವವರವರೆಗೆ, ಆ ಮನೆಯೊಳಗೆ ಕೂತು ಊಟ ಮಾಡಬೇಕು. ಅಡುಗೆ ಅಲ್ಲೇ ಆಗಬೇಕು. ಗೋಡೆಗೆ ಹೊಗೆ ಹತ್ತಬೇಕು, ನೆಲದ ಮೇಲೆ ಸಾರು ಚೆಲ್ಲಬೇಕು. ಒಂದು ಸಲ ದೊಡ್ಡ ನಟರೊಬ್ಬರು, "ನನಗೆ ಕ್ಯಾರವಾನಿಗೇ ಊಟ ಕಳಿಸಿ" ಅಂದರು. ಸಾಹೇಬರು ಜೋರು ಮಾಡಲಿಲ್ಲ. ತಟ್ಟೆ ಹಿಡಿದುಕೊಂಡು ತಾವೇ ಹೋಗಿ, "ನಿನ್ನ ಮನೆಯಲ್ಲಿ ಊಟ ಮಾಡುವುದಕ್ಕೆ ನಿನಗೆ ನಾಚಿಕೆಯಾ?" ಅಂತ ಕೇಳಿದರು. ಆ ನಟ ಬಂದು ನನ್ನ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತ.

ಕಾಲ ಬದಲಾಯಿತು. ರೀಲು ಹೋಗಿ ಮೆಮೊರಿ ಕಾರ್ಡು ಬಂತು. ಮನೆ ಕಟ್ಟುವ ಬದಲು ಹಸಿರು ಬಟ್ಟೆ ಕಟ್ಟಿ, ಆಮೇಲೆ ಕಂಪ್ಯೂಟರಿನಲ್ಲಿ ಮನೆ ತುಂಬಿಸುವುದು ಬಂತು. ನಾವು ಬಡಗಿಗಳು ಬಟ್ಟೆ ಎಳೆದು ಮೊಳೆ ಹೊಡೆಯುವವರಾದೆವು. ಒಬ್ಬ ಹೊಸ ನಿರ್ಮಾಪಕ ಸಾಹೇಬರಿಗೂ ಹಸಿರು ಬಟ್ಟೆ ತೋರಿಸಿ, "ಯಾವ ಮನೆ ಬೇಕಾದರೂ ಬರುತ್ತೆ ಉಸ್ತಾಜ್" ಅಂದ. ಸಾಹೇಬರು ಬಟ್ಟೆಯನ್ನು ಮುಟ್ಟಿ ನೋಡಿ, "ಸೊಂಟ ಹಿಡಿದುಕೊಂಡಾಗ ನನ್ನ ಕಥೆಯ ಮುದುಕಿ ಇದರಲ್ಲಿ ಯಾವುದಕ್ಕೆ ಒರಗುತ್ತಾಳೆ?" ಅಂತ ಕೇಳಿದರು.

ನನ್ನ ಮಂಡಿ ಹೋಯಿತು. ಏಣಿ ಹತ್ತಲಾಗದ ಬಡಗಿ ಸೆಟ್ಟಿನಲ್ಲಿ ಇರಬಾರದು. ಶಿರಾಕ್ಕೆ ವಾಪಸ್ಸು ಬಂದೆ. ಹಾಗೆ ಬಂದು ನಾಲ್ಕು ವರ್ಷವಾದ ಮೇಲೆ ಒಂದು ಬೆಳಿಗ್ಗೆ ಸಾಹೇಬರ ಫೋನು. ಅವರ ಕಣ್ಣು ಹೋಗುತ್ತಿದೆಯಂತೆ. ಬೆಳಕು, ನೆರಳು ಬಿಟ್ಟರೆ ಏನೂ ಕಾಣುವುದಿಲ್ಲವಂತೆ. ಪೂರ್ತಿ ಕತ್ತಲಾಗುವ ಮೊದಲು ತಮ್ಮ ಊರಿನ ಸಿನಿಮಾ ಮಾಡಬೇಕು. ಆದರೆ ಊರು ನೀರಿನ ಕೆಳಗಿದೆ.

"ನಿಮ್ಮ ಕಡೆ ನೀರಿಲ್ಲದ ಒಂದು ದೊಡ್ಡ ಕೆರೆ ಇದೆ ಅಂತ ಹೇಳುತ್ತಿದ್ದೆಯಲ್ಲ ಆದರ್, ಇನ್ನೂ ಖಾಲಿ ಇದೆಯಾ?"

ಅದು ಶಿರಾ ತಾಲ್ಲೂಕಿನ ಮದಲೂರು ಕೆರೆ. ನಾನು ಕಂಡಾಗೆಲ್ಲ ಅದರ ಅಂಗಳದಲ್ಲಿ ಜಾಲಿ ಬೆಳೆದಿರುತ್ತಿತ್ತು. "ಇದೆ ಉಸ್ತಾಜ್, ಯಾವಾಗಲೂ ಖಾಲಿಯೇ" ಅಂದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ. ನನ್ನ ಕೆಲಸದ ಜೀವನದಲ್ಲಿ ಇದಕ್ಕಿಂತ ದೊಡ್ಡ ತಪ್ಪನ್ನು ನಾನು ಮಾಡಿಲ್ಲ.

ಅವರು ಬಂದರು. ಜೊತೆಗೆ ಮಗಳು ಸಲ್ಮಾ. ಈ ಸಿನಿಮಾಕ್ಕೆ ಕ್ಯಾಮೆರಾ ಅವಳದೇ. ಮೊದಲು ಸುತ್ತಲಿನ ಸೀಮೆಯನ್ನೆಲ್ಲ ತೋರಿಸು ಅಂದರು. ಮಧುಗಿರಿಯ ಏಕಶಿಲೆಯ ಬುಡದಲ್ಲಿ ನಿಂತು, ಬಂಡೆಗೆ ಕೆನ್ನೆ ಒತ್ತಿ ಬಿಸಿ ನೋಡಿದರು. ಪಾವಗಡದ ಕಡೆ ಕ್ಯಾತಗಾನಚೆರ್ಲುವಿಗೆ ಕರೆದುಕೊಂಡು ಹೋದೆ. ದಿಬ್ಬದ ಮೇಲಿಂದ ನೋಡಿದರೆ ಕಣ್ಣು ಹಾಯುವಷ್ಟು ದೂರ ಸೋಲಾರ್ ಫಲಕಗಳು. ಸಾಹೇಬರ ಮಂದಗಣ್ಣಿಗೂ ಆ ಹೊಳಪು ತಾಗಿತು.

"ನೀರಾ?" ಅಂದರು.

ಅಲ್ಲೇ ಕುರಿ ಮೇಯಿಸುತ್ತಿದ್ದ ಓಬಳೇಶಪ್ಪ ಅನ್ನುವ ಯಜಮಾನರನ್ನು ಮಾತಿಗೆ ಎಳೆದೆ. "ಇಕ್ಕಡಿಂದ ನೋಡಿದ್ರೆ ನೀಳ್ಳು ಇದ್ದಂಗೇ ಐತೆ ಸಾಮಿ, ಹತ್ರ ಹೋದ್ರೆ ಗಾಜು. ನಮ್ಮ ನಾಲ್ಕೆಕರೆನೂ ಅದ್ರ ಕೆಳಗೇ ಐತೆ. ಗುತ್ತಿಗೆಗೆ ಕೊಟ್ಟಿದೀವಿ" ಅಂದರು.

ನಾನು ಅರಬ್ಬಿಗೆ ತಿರುಗಿಸಿ ಹೇಳಿದೆ. ಸಾಹೇಬರು ಕೇಳಿದರು, "ಎಲ್ಲ ಒಂದೇ ಥರ ಇದೆಯಲ್ಲ, ನಿಮ್ಮ ಹೊಲ ಎಲ್ಲಿದೆ ಅಂತ ಗೊತ್ತಾಗುತ್ತದಾ?"

ಓಬಳೇಶಪ್ಪ ಒಂದು ಚಣವೂ ಯೋಚಿಸದೆ ಕೋಲೆತ್ತಿ ತೋರಿಸಿದರು. "ಅಗೋ ಅಲ್ಲಿ. ಹುಣಸೆ ಮರ ಇತ್ತಲ್ಲ, ಅದ್ರ ಮಗ್ಗುಲಲ್ಲಿ." ಅಲ್ಲಿ ಯಾವ ಹುಣಸೆ ಮರವೂ ಇರಲಿಲ್ಲ. ಸಾಹೇಬರು ಆ ಚಾಚಿದ ಕೈಯನ್ನು ತಡಕಿ ಹಿಡಿದುಕೊಂಡು, ಅದು ತೋರಿಸುತ್ತಿದ್ದ ಕಡೆಗೆ ಮುಖ ಮಾಡಿ ನಿಂತರು. ಒಬ್ಬರ ಮಾತು ಒಬ್ಬರಿಗೆ ತಿಳಿಯದು. ಆದರೂ ಕೈ ಬಿಡಲು ಬಹಳ ಹೊತ್ತು ಹಿಡಿಯಿತು.

ಪಂಚಾಯಿತಿಯವರು ಒಪ್ಪಿದ ಮೇಲೆ ಮದಲೂರು ಕೆರೆಯಂಗಳದಲ್ಲಿ ಮನೆ ಕಟ್ಟಲು ಶುರು ಮಾಡಿದೆವು. ಗೋಡೆ ಮೆತ್ತುವವಳೂ ಸೇರಿ ನಾವು ಏಳು ಜನ. ಪ್ಲೈವುಡ್ ಬೇಡ ಅಂದರು ಸಾಹೇಬರು. ಗೋಡೆ ಪೂರ್ತಿ ಮಣ್ಣಿನದು, ಸೂರಿಗೆ ಕೊರಟಗೆರೆ ಸಾಮಿಲ್ಲಿನ ಮರ. ನಾಲ್ಕು ಕಡೆ ಗೋಡೆಯಿರುವ ಮನೆಯನ್ನು ಸಿನಿಮಾಕ್ಕೆ ಅಂತ ನಾನು ಕಟ್ಟಿದ್ದು ಅದೊಂದೇ. ನಕ್ಷೆಯೆಂಬುದು ಇರಲಿಲ್ಲ. ಸಾಹೇಬರು ನೆಲದ ಮೇಲೆ ನಡೆದು ತೋರಿಸುತ್ತಿದ್ದರು. "ಇಲ್ಲಿಂದ ನನ್ನ ಏಳು ವರ್ಷದ ಹೆಜ್ಜೆಯಲ್ಲಿ ಹನ್ನೊಂದು" ಅನ್ನುತ್ತಿದ್ದರು. ಬಾಗಿಲಿಗೆ ನೂಬಿಯಾದ ಮರದ ಬೀಗ. ಬೇವಿನ ಮರದಲ್ಲಿ ಅದನ್ನು ಕೆತ್ತಿದೆ. ಅವರು ಬೆರಳಾಡಿಸಿ ನೋಡಿ ಎರಡು ಸಲ ವಾಪಸ್ಸು ಕೊಟ್ಟರು, ಮೂರನೆಯದನ್ನು ಒಪ್ಪಿದರು.

ಗೋಡೆ ಮೆತ್ತಲು ಮದಲೂರಿನ ರಂಗಮ್ಮ ಬಂದಳು. ಅವಳಷ್ಟು ನಯವಾಗಿ ಮಣ್ಣು ಸಾರಿಸುವವರು ಆ ಸುತ್ತಿನಲ್ಲಿ ಇಲ್ಲ. ನೂಬಿಯಾದಲ್ಲಿ ಮನೆಯ ಮುಂಗೋಡೆಗೆ ಪಿಂಗಾಣಿ ತಟ್ಟೆಗಳನ್ನು ಹುದುಗಿಸುತ್ತಾರೆ. ಶಿರಾ ಸಂತೆಯಿಂದ ನಾನು ತಟ್ಟೆ ತಂದಾಗ ರಂಗಮ್ಮ ನಕ್ಕಳು.

"ಇದೇನ್ ಖಾದರಣ್ಣ, ಗೋಡೆಗೆ ತಟ್ಟೆ ಮೆತ್ತೀರಾ? ಉಣ್ಣಾಕೆ ಬ್ಯಾಡ್ವಾ?"

ಸಾಹೇಬರನ್ನು ಕೇಳಿ ಹೇಳಿದೆ, "ಅವರ ಊರಲ್ಲಿ ಮನೇಲಿ ಮಗು ಹುಟ್ಟಿದ್ರೆ ಒಂದು, ಮದುವೆ ಆದ್ರೆ ಒಂದು ಹಾಕ್ತಾರಂತೆ ಕಣಮ್ಮ. ಅವರ ತಾಯಿ ಹಾಕಿದ್ದು ಒಂಬತ್ತಂತೆ."

ರಂಗಮ್ಮ ನಗು ನಿಲ್ಲಿಸಿದಳು. ಮಾರನೆಯ ದಿನ ಸೆರಗಿನಲ್ಲಿ ಸುತ್ತಿಕೊಂಡು ಅಂಚೊಡೆದ ನೀಲಿ ಹೂವಿನ ತಟ್ಟೆಯೊಂದನ್ನು ತಂದಳು. "ನಮ್ಮನೇದೂ ಒಂದಿರ್ಲಿ ಬುಡಿ. ಆ ಯಮ್ಮನ ಲೆಕ್ಕದಾಗೇ ಸೇರ್ಸಿ."

ಮನೆ ಮುಗಿದ ದಿನ ಸಾಹೇಬರು ಯಾರ ಕೈಯನ್ನೂ ಹಿಡಿಯದೆ ಒಳಗೆ ಹೋದರು. ಹೊಸ್ತಿಲು ದಾಟಿ, ಎಡಕ್ಕೆ ತಿರುಗಿ, ಮೂಲೆಯಲ್ಲಿ ಬಗ್ಗಿ ಕೈ ಚಾಚಿದರು. ಕೈಗೆ ಏನೂ ಸಿಗಲಿಲ್ಲ. "ನೀರಿನ ಮಡಕೆ ಎಲ್ಲಿ?" ಅಂದರು. ಅವರು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ಏಳು ವರ್ಷದ ಹುಡುಗರು ಹೊರಗಿನಿಂದ ಬಂದು ಮೊದಲು ನೀರು ಕುಡಿಯುತ್ತಾರೆ ಅನ್ನುವುದು ನನಗೆ ಹೊಳೆಯಬೇಕಿತ್ತು. ರಂಗಮ್ಮನ ಮನೆಯಿಂದಲೇ ಹಳೆಯ ಗುಡಾಣ ತಂದು ಇಟ್ಟೆವು. ಆ ಮಧ್ಯಾಹ್ನ ನಾವೆಲ್ಲ ಅಲ್ಲಿ ಕೂತು ಮುದ್ದೆ, ಅವರೆಕಾಳಿನ ಸಾರು ಉಂಡೆವು. ಸಲ್ಮಾ ಮುದ್ದೆ ಅಗಿದು ಅಗಿದು ಸುಸ್ತಾದಳು.

ಅರ್ಧ ಶೂಟಿಂಗ್ ಮುಗಿದಿರಬೇಕು. ಒಂದು ಸಂಜೆ ರಂಗಮ್ಮ ಹೇಳಿದಳು, "ಖಾದರಣ್ಣ, ಮ್ಯಾಲ್ಕಡೆ ಮಳೆ ಬಲ್ ಜೋರೈತಂತೆ ಈ ಕಿತ. ಹಳ್ಳ ಬಂದ್ಬುಟ್ರೆ ಹೆಂಗೆ?"

"ಬರಲ್ಲ ಬುಡಮ್ಮ. ಹುಟ್ಟಿದಾಗಿಂದ ನೋಡಿದೀನಿ ಈ ಕೆರೆನ."

"ನೋಡಿರೋದು ನೀವೊಬ್ರೇ ಅಲ್ಲ ಕಣಣ್ಣ" ಅಂದಳು. ಸಾಹೇಬರಿಗೂ ಸಲ್ಮಾಗೂ ಆ ಮಾತು ನಾನು ಮುಟ್ಟಿಸಲಿಲ್ಲ. ಮೂವತ್ತು ವರ್ಷದ ಅನುಭವದ ಜಂಬ ಅದು. ಊರಿನ ನೀರಿನ ವಿಷಯವನ್ನು ಊರಲ್ಲೇ ಇದ್ದವರಿಂದ ಕೇಳಬೇಕು, ದೇಶ ಬಿಟ್ಟು ಹೋಗಿ ಬಂದವನ ನೆನಪಿನಿಂದಲ್ಲ. ಕೆಲಸಕ್ಕೆ ಬರುವವರು ಇದನ್ನು ಬರೆದಿಟ್ಟುಕೊಳ್ಳಿ.

ಮೂರನೆಯ ದಿನ ಬೆಳಿಗ್ಗೆ ರಂಗಮ್ಮನ ಫೋನು. "ಅಣ್ಣೋ, ನೀರು ಬಂದ್ಬುಡ್ತು! ಕೆರೆಗೆ ನೀರು ಬಂದ್ಬುಡ್ತು ಕಣಣ್ಣೋ!" ಅವಳ ದನಿ ಕುಣಿಯುತ್ತಿತ್ತು. ಆಮೇಲೆ ಇದ್ದಕ್ಕಿದ್ದಂತೆ ತಗ್ಗಿತು. "ಅಯ್ಯೋ... ನಿಮ್ಮ ಮನೆ."

ಸಾಹೇಬರು ಶಿರಾದ ಲಾಡ್ಜಿನಲ್ಲಿ ಚಹಾ ಕುಡಿಯುತ್ತಿದ್ದರು. ಅವರ ಮುಂದೆ ಹೋಗಿ ನಿಂತೆ. ಈ ಮನುಷ್ಯನ ಮನೆಯನ್ನು ಒಂದು ಸಲ ಸರ್ಕಾರ ಮುಳುಗಿಸಿತು. ಎರಡನೆಯ ಸಲ ನಾನು ಮುಳುಗಿಸಿದೆ.

"ಉಸ್ತಾಜ್, ಕೆರೆಗೆ ನೀರು ಬಂದಿದೆ. ತಪ್ಪು ನನ್ನದು. ಊರಿನವರು ಹೇಳಿದ್ದರು, ನಾನು ಕೇಳಲಿಲ್ಲ."

ಅವರು ಲೋಟ ಕೆಳಗಿಟ್ಟರು. "ಎಲ್ಲಿಯವರೆಗೆ ಬಂದಿದೆ?"

"ಹೊಸ್ತಿಲಿಗೆ ಅಂತೆ."

"ಹಾಗಾದರೆ ಇನ್ನೂ ನಿಂತಿದೆ. ಸಲ್ಮಾಗೆ ಕ್ಯಾಮೆರಾ ತರಲು ಹೇಳು, ನಡಿ."

ಕೆರೆಯ ಏರಿಯ ಮೇಲೆ ಊರಿಗೆ ಊರೇ ಸೇರಿತ್ತು. ತಮಟೆ ಬಡಿಯುತ್ತಿದ್ದರು, ಹೆಂಗಸರು ಬಾಗಿನ ಹಿಡಿದು ನಿಂತಿದ್ದರು, ಮುದುಕರೊಬ್ಬರು ನೀರಿಗೆ ಕೈಮುಗಿದು ಅಳುತ್ತಿದ್ದರು. ನಮ್ಮ ತಾಲ್ಲೂಕಿನಲ್ಲಿ ಕೆರೆಗೆ ನೀರು ಬರುವುದೆಂದರೆ ಅಂಥದ್ದು. ಆ ಖುಷಿಯಲ್ಲಿ ಸೇರಲಾರದೆ ನಾನೊಬ್ಬ ಕಳ್ಳನ ಹಾಗೆ ನಿಂತಿದ್ದೆ. ಕೆಂಪು ನೀರಿನ ನಡುವೆ ಮನೆ ಮೊಣಕಾಲುದ್ದ ಮುಳುಗಿತ್ತು.

ಸಲ್ಮಾ ಕ್ಯಾಮೆರಾ ಇಟ್ಟಳು. "ಅಪ್ಪಾ, ಈ ತಮಟೆ ನಿಲ್ಲಿಸೋಣವಾ? ಸದ್ದು ಸೇರಿಕೊಳ್ಳುತ್ತದೆ."

"ಬೇಡ" ಅಂದರು ಸಾಹೇಬರು. "ಬಡಿಯಲಿ. ಅವರಿಗೆ ನೀರು ಬಂದಿದೆ. ನಮ್ಮ ಊರು ಮುಳುಗಿದಾಗಲೂ ಅಣೆಕಟ್ಟಿನ ಕರೆಂಟಿನಿಂದ ಎಲ್ಲೋ ಯಾರಿಗೋ ದೀಪ ಹತ್ತಿತು. ಅವರೂ ಹೀಗೇ ಕುಣಿದಿರಬೇಕು. ಅದೂ ಕೇಳಲಿ."

ಆಮೇಲೆ ನನ್ನ ಭುಜ ಹಿಡಿದರು. "ಆದರ್, ನನಗೆ ಕಾಣುವುದಿಲ್ಲ. ನೀನು ಹೇಳು. ನೀರು ಬರುವ ಮೊದಲೇ ನಮ್ಮನ್ನು ದೋಣಿಗೆ ಹತ್ತಿಸಿದ್ದರು. ನಮ್ಮ ಮನೆ ಹೇಗೆ ಹೋಯಿತು ಅಂತ ನಾನು ನೋಡಲೇ ಇಲ್ಲ. ಬಿದ್ದಾಗ ದೊಡ್ಡ ಸದ್ದು ಬಂದಿರಬೇಕು ಅಂತ ಇಷ್ಟು ವರ್ಷ ಅಂದುಕೊಂಡಿದ್ದೇನೆ."

ನಾನು ಹೇಳತೊಡಗಿದೆ. ನನ್ನ ಬಡಗಿ ಅರಬ್ಬಿಯಲ್ಲಿ, ತಪ್ಪೋ ಸರಿಯೋ. "ನೀರು ಕಿಟಕಿಯ ಕೆಳಗಿದೆ. ಎಡಗೋಡೆಯ ಬುಡ ಕಪ್ಪಾಗಿದೆ. ಈಗ ಒಂದು ತಟ್ಟೆ ಉದುರಿತು."

"ಯಾವುದು?"

"ಮೇಲಿನಿಂದ ಎರಡನೆಯದು."

ಅವರು ಅದನ್ನು ಕೇಳಿ ಸಲ್ಮಾಗೆ ಹೇಳಿದರು, "ತಟ್ಟೆ ಬಿದ್ದ ಗುರುತು ತೆಗೆದುಕೋ. ನೀರಲ್ಲ, ಆ ಬಟ್ಟಲಿನಂಥ ಗುಳಿ." ಮತ್ತೆ ನನ್ನ ಕಡೆ ತಿರುಗಿ, "ಮುಂದೆ?" ಅಂದರು. ಹೀಗೇ ಎರಡು ಗಂಟೆ. ನನ್ನ ಬಾಯಿಂದ ಅವರ ಕಿವಿಗೆ, ಅವರ ಮಾತಿನಿಂದ ಮಗಳ ಕ್ಯಾಮೆರಾಕ್ಕೆ. ನನಗೆ ಕಾಣುತ್ತಿದ್ದದ್ದು ಕುಸಿಯುತ್ತಿರುವ ಒಂದು ಮಣ್ಣಿನ ಮನೆ. ಕಣ್ಣಿಲ್ಲದ ಅವರಿಗೆ ಅದರಲ್ಲಿ ಯಾವುದು ಮುಖ್ಯ, ಯಾವುದು ಬೇಡ, ಎಲ್ಲವೂ ಗೊತ್ತಾಗುತ್ತಿತ್ತು. ನನ್ನ ಜೀವಮಾನದಲ್ಲಿ ಅಂಥದ್ದನ್ನು ಮತ್ತೆ ಕಂಡಿಲ್ಲ. ತಮಟೆಯವರೂ ಏನೋ ನಡೆಯುತ್ತಿದೆ ಅಂತ ತಾವಾಗಿಯೇ ಬಡಿತ ನಿಲ್ಲಿಸಿ ಬಂದು ನಮ್ಮ ಹಿಂದೆ ನಿಂತರು.

ಕೊನೆಗೆ ಮುಂಗೋಡೆ ಹೋಯಿತು.

"ಹೇಗೆ ಬಿತ್ತು?" ಅಂತ ಕೇಳಿದರು. ಅವರಿಗೆ ಸದ್ದು ಕೇಳಿಸಿರಲಿಲ್ಲ.

"ಬೀಳಲಿಲ್ಲ ಉಸ್ತಾಜ್. ಕೆಲಸ ಮುಗಿಸಿದ ಹೆಂಗಸು ಕೂರುತ್ತಾಳಲ್ಲ, ಹಾಗೆ ಮೆಲ್ಲಗೆ ಕೂತಿತು."

ಅವರ ಬೆರಳು ನನ್ನ ಭುಜದಲ್ಲಿ ಹೂತುಕೊಂಡವು. ಆಮೇಲೆ, "ನೋವಾಗಲಿಲ್ಲ ಹಾಗಾದರೆ" ಅಂದರು. ಸಲ್ಮಾ ಕ್ಯಾಮೆರಾದಿಂದ ಕಣ್ಣು ತೆಗೆಯದೆ ಅಳುತ್ತಿದ್ದಳು.

ಆ ಸಂಜೆ ಮತ್ತೆ ಕ್ಷಮೆ ಕೇಳಿದೆ. ಸಾಹೇಬರು, "ನಾನು ಬರೆದಿಟ್ಟಿದ್ದ ಕೊನೆಯಲ್ಲಿ ಮನೆ ಉಳಿಯುತ್ತಿತ್ತು. ಅದು ಸುಳ್ಳಾಗುತ್ತಿತ್ತು" ಅಂದರು. ಅಷ್ಟೇ. ಉಳಿದ ದೃಶ್ಯಗಳನ್ನು ಬೇರೆ ರೀತಿಯಲ್ಲಿ ಹೊಂದಿಸಿಕೊಂಡು ಕೈರೋಗೆ ಹೋದರು. ಕಣ್ಣು ಪೂರ್ತಿ ಹೋದ ಮೇಲೆ ಸಲ್ಮಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬರೀ ಕಿವಿಯಿಂದಲೇ ಎಡಿಟಿಂಗ್ ಮುಗಿಸಿದರಂತೆ. ಸಿನಿಮಾ ಬಿಡುಗಡೆಯಾದ ಮರುವರ್ಷ ತೀರಿಕೊಂಡರು. ಸುದ್ದಿ ಬಂದ ದಿನ ನಾನು ಮಸೀದಿಯಿಂದ ಮನೆಗೆ ಬರುವ ದಾರಿಯಲ್ಲಿ ಯಾರೂ ಸಿಗದ ಹಾಗೆ ಸುತ್ತು ಹಾಕಿಕೊಂಡು ಬಂದೆ.

ಸಲ್ಮಾ ಸಿನಿಮಾವನ್ನು ಕಳಿಸಿಕೊಟ್ಟಳು. ಮದಲೂರಿನ ಐದಾರು ಜನರನ್ನು ಕರೆಸಿ, ಮಧ್ಯಾಹ್ನ ನಮ್ಮ ಮನೆಯ ಟಿವಿಯಲ್ಲಿ ಹಾಕಿದೆ. ಮಾತು ಯಾರಿಗೂ ತಿಳಿಯದು, ಆದರೂ ಒಬ್ಬರೂ ಏಳಲಿಲ್ಲ. ಮುಂಗೋಡೆ ಕೂತಾಗ ರಂಗಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಕೊನೆಯಲ್ಲಿ ಹೆಸರುಗಳು ಬರತೊಡಗಿದವು. ಸೆಟ್ಟಿನ ಕೆಲಸದವರ ಹೆಸರಿಗೆ ಎಲ್ಲ ಸಿನಿಮಾದಲ್ಲೂ ಒಂದೇ ತಲೆಬರಹ ಇರುತ್ತದೆ, ಸೆಟ್ ನಿರ್ಮಾಣ ಅಂತ. ನನ್ನ ಹೆಸರು ಅದರ ಕೆಳಗೆ ಎಷ್ಟೋ ಸಲ ಬಂದಿದೆ. ಇದರಲ್ಲಿ ಸಾಹೇಬರು ಆ ತಲೆಬರಹ ಹಾಕಿಸಿರಲಿಲ್ಲ. ಅರಬ್ಬಿಯಲ್ಲಿ ದೊಡ್ಡದಾಗಿ "ನಮ್ಮ ಮನೆ ಕಟ್ಟಿದವರು" ಅಂತಿತ್ತು, ಅದರ ಕೆಳಗೆ ಏಳು ಹೆಸರು.

ಟಿವಿ ನಿಲ್ಲಿಸಿ ಒಂದೊಂದಾಗಿ ಓದಿದೆ. ಮೂರನೆಯದು ರಂಗಮ್ಮ, ಮದಲೂರು.

ಅವಳು ಎದ್ದು ಟಿವಿಯ ಹತ್ತಿರ ಹೋಗಿ, ಆ ಸಾಲನ್ನು ಬೆರಳಿನಿಂದ ಮುಟ್ಟಿದಳು.

"ಇದೇಯಾ?"

"ಅದೇ ಕಣಮ್ಮ."

"ಇನ್ನೊಂದ್ಸಲ ಓದಣ್ಣ" ಅಂದಳು.